ಯಾರೂ ಓಗೊಡದ ಗೂಬೆ

ಅಮೆರಿಕದ ಕಿಯಾಮಿಚಿ ಹೊಳೆಯ ದಂಡೆಯಲ್ಲಿ, ಮೂಲನಿವಾಸಿ ಚೋಕ್ಟಾ ಜನರ ಸೀಮೆಯಲ್ಲಿ ಆ ವಸಂತದಲ್ಲಿ ಎದ್ದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಗಹನವಾದದ್ದು ಒಂದೇ: ಓನಾಹೋಕೆಯ ಮನೆಯ ಹಿಂದಿನ ಓಕ್ ಮರದಲ್ಲಿ ಮುಸ್ಸಂಜೆ ಕೂಗಿದ ಗೂಬೆಗೆ ಇನ್ನೊಂದು ಗೂಬೆ ಓಗೊಟ್ಟಿತೋ ಇಲ್ಲವೋ. ಬೇರೆ ಪ್ರಶ್ನೆಗಳೂ ಇದ್ದವು. ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿ ಮೂರು ವರ್ಷವಾಗಿತ್ತು, ಯಾರು ಗೆಲ್ಲುತ್ತಾರೆ, ಚೋಕ್ಟಾ ಸರ್ಕಾರ ದಕ್ಷಿಣದವರ ಕೈ ಹಿಡಿದದ್ದು ಸರಿಯೇ, ಉಪ್ಪು ಯಾವಾಗ ಬರುತ್ತದೆ ಎಂಬಂಥವು. ಆದರೆ ಅವು ಗಂಜಿ ಆರುವುದರೊಳಗೆ ತೀರ್ಮಾನವಾಗಬೇಕಾದವಲ್ಲ.

"ಕೇಳಿದ್ರಾ?" ಎಂದಳು ಓನಾಹೋಕೆ. ಬಾಯಿಗೆ ಎತ್ತಿದ್ದ ಕೊಂಬಿನ ಚಮಚ ಅಲ್ಲೇ ನಿಂತಿತ್ತು.

"ಗೂಬೆ," ಎಂದಳು ಮಗಳು ಫೀಬಿ.

"ಗೂಬೆ ಅಂತ ನಂಗೊತ್ತಿಲ್ವೇನೇ? ಇನ್ನೊಂದು ಕೂಗ್ತಾ ಅಂತ ಕೇಳ್ತಿರೋದು."

"ಕೂಗಿರ್ಬೇಕು. ಹೊಳೆ ಕಡೆ ಏನೋ ಕೇಳಿಸ್ತು."

"ಹೊಳೆ ಕಡೆ ಕೇಳಿಸಿದ್ದು ಕಪ್ಪೆ. ಮಿಷನ್ ಶಾಲೇಲಿ ಓದಿದೋರಿಗೆ ಕಪ್ಪೆ ಯಾವುದು ಗೂಬೆ ಯಾವುದು ಅಂತ ಹೇಳ್ಕೊಡಲ್ವಾ?"

ಗೂಬೆ ಮತ್ತೆ ಕೂಗಿತು. ಎಲ್ಲರೂ ಉಸಿರು ಹಿಡಿದರು. ಕಪ್ಪೆಗಳು ಕೂಡ ಸುಮ್ಮನಾದವು. ಯಾವುದೂ ಓಗೊಡಲಿಲ್ಲ.

ನಿಜವಾದ ಗೂಬೆ ಕೂಗಿದರೆ ಇನ್ನೊಂದು ಗೂಬೆ ಎಲ್ಲಿಂದಾದರೂ ಓ ಅನ್ನುತ್ತದೆ. ಸತ್ತವನ ಹೊರನೆರಳು ಗೂಬೆಯ ದನಿ ತೊಟ್ಟು ಮನೆ ಹುಡುಕಿಕೊಂಡು ಬಂದಿದ್ದರೆ ಯಾವ ಗೂಬೆಯೂ ಓ ಅನ್ನುವುದಿಲ್ಲ. ಇದು ಆ ಸೀಮೆಯ ಮಕ್ಕಳಿಗೂ ಗೊತ್ತು. ಮಿಷನ್ ಶಾಲೆಯಲ್ಲಿ ಇದನ್ನು ಮರೆಯಬೇಕೆಂದು ಕಲಿಸಿದ್ದರು. ಫೀಬಿ, ಮರೆತಿದ್ದೇನೆ ಎಂದು ಹೇಳುವುದನ್ನು ಕಲಿತಿದ್ದಳು.

ಒಲೆಯ ಬಳಿ ಕೂತು ಜೋಳದ ಕಡುಬಿನ ಸಿಪ್ಪೆ ಬಿಚ್ಚುತ್ತಿದ್ದ ಚೇನಿಗೂ ಆ ಕೂಗು ಕೇಳಿಸಿತ್ತು. ಅವಳನ್ನು ಯಾರೂ ಕೇಳಲಿಲ್ಲ.

ಚೇನಿ ಆ ಮನೆಯ ತೊತ್ತು, ಕರಿಯ ಹೆಂಗಸು. ಮಿಸ್ಸಿಸಿಪ್ಪಿಯ ಹಳೆಯ ನೆಲದಿಂದ ಚೋಕ್ಟಾ ಜನರನ್ನು ಎಬ್ಬಿಸಿ ಹಿಮದಲ್ಲಿ ಪಶ್ಚಿಮಕ್ಕೆ ನಡೆಸಿದಾಗ, ಹುಡುಗಿಯಾಗಿದ್ದ ಅವಳು ಗಂಜಿಯ ಮಡಕೆ ಹೊತ್ತು ಓನಾಹೋಕೆಯ ಹಿಂದೆ ನಡೆದಿದ್ದಳು. ಆ ನಡಿಗೆಯ ಅನ್ಯಾಯವನ್ನು ಓನಾಹೋಕೆ ಈಗಲೂ ಎದೆ ಬಡಿದುಕೊಂಡು ಹೇಳುತ್ತಾಳೆ. "ಮಡಕೆ ಸಮೇತ ಹೊತ್ತು ತಂದ್ವಿ" ಅನ್ನುತ್ತಾಳೆ. ಸುಳ್ಳಲ್ಲ. ಹೊತ್ತ ತಲೆಯೂ ಮನೆಯ ಸ್ವತ್ತು, ಮಡಕೆಯೂ ಮನೆಯ ಸ್ವತ್ತು. ಚೇನಿಯ ಕನಸೂ ಈಗ ಚೋಕ್ಟಾ ಮಾತಿನಲ್ಲೇ ಬೀಳುತ್ತಿತ್ತು.

ಮನೆಯ ಅಳಿಯ ಯುದ್ಧಕ್ಕೆ ಹೋಗುವವರೆಗೆ, ಅಡುಗೆ, ಒರಳು, ಹಸು, ಹತ್ತಿ ಇವಲ್ಲದೆ ಅವಳಿಗೆ ಇನ್ನೊಂದು ಕೆಲಸವಿತ್ತು: ಮಾತು ಸಾಗಿಸುವುದು. ಅತ್ತೆ ಅಳಿಯನ ಮುಖ ನೋಡಬಾರದು, ಅಳಿಯ ಅತ್ತೆಯ ಜೊತೆ ನೇರ ಮಾತಾಡಬಾರದು ಎಂಬುದು ಹಳೆಯ ಮರ್ಯಾದೆ. ಮನೆ ಎಂದರೆ ಎದುರುಬದುರಾಗಿ ಎರಡು ಮರದ ಕೋಣೆ, ನಡುವೆ ಗಾಳಿ ಹಾಯುವ ಪಡಸಾಲೆ. ಒಂದು ಕೋಣೆಯಲ್ಲಿ ಓನಾಹೋಕೆ, ಇನ್ನೊಂದರಲ್ಲಿ ಮಗಳು ಅಳಿಯ, ಪಡಸಾಲೆಯಲ್ಲಿ ಚೇನಿ.

"ಆ ಮನುಷ್ಯನಿಗೆ ಹೇಳು, ಅವನ ಹಂದಿ ಬೇಲಿ ಮುರಿದದೆ."

"ಹಂದಿ ಬೇಲಿ ಮುರಿದದಂತೆ ಧಣಿ."

"ಹಂದಿ ಅಲ್ಲ, ಆಚೆ ಕೋಣೆಯೋರ ಹಸು ಅಂತ ಹೇಳು. ಯಜಮಾನಿ ಥರಾನೇ ದಪ್ಪ ಹಸು."

"ಹಸು ಅಂತೆ ಅಮ್ಮಾವ್ರೇ."

"ಅಷ್ಟೇನಾ ಅಂದಿದ್ದು? ಉದ್ದಕ್ಕೆ ಏನೋ ಅಂದಂಗಿತ್ತು."

"ಮಿಕ್ಕಿದ್ದು ನುಂಗ್ಕೊಂಡೆ ಅಮ್ಮಾವ್ರೇ."

ಅಳಿಯನ ಹೆಸರು ಕಾನಿಯಾತಬಿ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರುವಂತಿಲ್ಲವಾದ್ದರಿಂದ ಫೀಬಿಗೆ ಅವನು 'ಎಲ್ಸಿಯ ಅಪ್ಪ'. ಎಲ್ಸಿ ಹುಟ್ಟುವ ಮುಂಚೆ ಅವನು ಏನೂ ಆಗಿರಲಿಲ್ಲ. 'ಇಲ್ಲಿ ಕೇಳಿ' ಎನ್ನುವುದರಲ್ಲೇ ಸಂಸಾರ ನಡೆದಿತ್ತು. ಯುದ್ಧದ ಕರೆ ಬಂದಾಗ ಅವನು ದಕ್ಷಿಣದವರ ಪರ ನಿಂತ ಚೋಕ್ಟಾ ಕುದುರೆ ಪಡೆಗೆ ಸೇರಿದ. ಹೋಗುವಾಗ ಅಡುಗೆಗೆ, ಕುದುರೆ ಚಾಕರಿಗೆ ಎಂದು ಚೇನಿಯ ಒಬ್ಬನೇ ಮಗ ಐಸಮ್‌ನನ್ನು ಕರೆದುಕೊಂಡು ಹೋದ.

"ಮಿಸ್ಸಿಸಿಪ್ಪಿಯಿಂದ ನಮ್ಮನ್ನ ಒದ್ದು ಓಡಿಸಿದೋರು ಈ ದಕ್ಷಿಣದೋರೇ ಅಲ್ವಾ?" ಎಂದು ಓನಾಹೋಕೆ ಅಂದು ಪಡಸಾಲೆಗೆ ಕೇಳಿಸುವಂತೆ ಹೇಳಿದ್ದಳು. "ಅವ್ರಿಗೋಸ್ಕರ ಸಾಯಕ್ಕೆ ಹೋಯ್ತಾವ್ನಾ ಅಂತ ಕೇಳು."

ಅದಕ್ಕೆ ಉತ್ತರ ಕೊಟ್ಟವನು ಅವಳ ತಮ್ಮ ಲೈಮನ್. ಫೀಬಿಗೆ ಸೋದರಮಾವ, ಚರ್ಚಿನ ಹಿರಿಯ, ಊರ ಕಾವಲು ದಳದ ಕ್ಯಾಪ್ಟನ್, ಹೆಚ್ಚಾಗಿ ಊಟದ ಹೊತ್ತಿಗೆ ಬರುವವನು. "ಓಡಿಸಿದ ಕಾಗದಕ್ಕೆ ಮೊಹರು ಹೊಡೆದೋರು ಉತ್ತರದ ಸರ್ಕಾರದೋರು ಅಕ್ಕಾ. ಇಬ್ರೂ ಕಳ್ಳರೇ. ಆದ್ರೆ ಈ ಕಳ್ಳರು ಹೊಳೆಯಾಚೆನೇ ಇದಾರೆ, ನಮ್ಮ ಥರಾನೇ ಆಳುಗಳನ್ನ ಇಟ್ಕೊಂಡಿದಾರೆ. ಉತ್ತರದೋರು ಗೆದ್ರೆ ಚೇನಿನ ಬಿಟ್ಟು ಕೊಡ್ಬೇಕಾಗ್ತದೆ. ಗಂಜಿ ನೀನು ಕಾಯಿಸ್ತೀಯಾ?"

ಚೇನಿ ಆ ಪ್ರಶ್ನೆಯನ್ನು ಯಾರಿಗೂ ಸಾಗಿಸಬೇಕಾಗಿರಲಿಲ್ಲ. ಅವಳು ಅಂಗಳಕ್ಕೆ ಹೋಗಿ ಮಗನ ಅಂಗಿಗೆ ಗುಂಡಿ ಹೊಲಿದಳು. "ಕರ್ಕೊಂಡು ಹೋದೋನು ಕರ್ಕೊಂಡು ಬರ್ತೀನಿ" ಎಂದು ಕಾನಿಯಾತಬಿ ಕುದುರೆಯ ಮೇಲಿಂದ ಹೇಳಿದ್ದ. ಅಷ್ಟು ಮಾತನ್ನು ಅವಳು ಮೂರು ವರ್ಷ ಹಿಡಿದುಕೊಂಡಿದ್ದಳು.

*

ಗೂಬೆ ದಿನಾ ಮುಸ್ಸಂಜೆ ಬಂತು. ಅರ್ಕನ್ಸಾದ ಪೈನ್ ಕಾಡಿನಲ್ಲಿ ದೊಡ್ಡ ಕಾಳಗವಾಯಿತಂತೆ, ನಮ್ಮವರು ಗೆದ್ದರಂತೆ, ಗೆದ್ದ ರೀತಿ ಮಾತ್ರ ಬಾಯಿಬಿಟ್ಟು ಹೇಳುವಂಥದ್ದಲ್ಲವಂತೆ ಎಂಬ ಸುದ್ದಿಯೂ ಅದೇ ವಾರ ಬಂತು. ಓನಾಹೋಕೆ ಎರಡನ್ನೂ ಕೂಡಿಸಿದಳು.

"ಆ ಮನುಷ್ಯ ಹೋದ. ನೆರಳು ಮನೆಗೆ ಬಂದದೆ. ಅಳೋದು ಶುರು ಮಾಡ್ಬೇಕು."

"ಅವ್ವಾ, ಗೂಬೆ ಮಾತು ಕೇಳಿ ಯಾರಾದ್ರೂ ವಿಧವೆ ಆಗ್ತಾರಾ?" ಎಂದು ಫೀಬಿ ರೇಗಿದಳು. ಆದರೆ ಕೂದಲು ಬಿಚ್ಚಿಕೊಂಡೇ ರೇಗಿದಳು.

ಕ್ರೈಸ್ತರು ಹೀಗೆಲ್ಲ ಮಾಡಬಾರದು ಎಂದು ಲೈಮನ್ ಒಂದು ಗಂಟೆ ಉಪದೇಶ ಮಾಡಿ, ಕೊಡಲಿ ತೆಗೆದುಕೊಂಡು ಹೋಗಿ ಗೋರಿಯ ಕೋಲುಗಳನ್ನು ತಾನೇ ಕಡಿದು ತಂದ. ಹೂಳಲು ಹೆಣವಿರಲಿಲ್ಲ. ಕಾನಿಯಾತಬಿಯ ಭಾನುವಾರದ ಕೋಟು ಹೂತರು. ಸುತ್ತ ಕೋಲು ನೆಟ್ಟರು. ದಿನಾ ಬೆಳಗ್ಗೆ ಸಂಜೆ ಹೆಂಗಸರು ಕಂಬಳಿ ಮುಸುಕು ಹಾಕಿಕೊಂಡು ಅಲ್ಲಿ ಕೂತು ಅತ್ತರು. ಅತ್ತು ಬಂದವರಿಗೆ ಚೇನಿ ಹುಳಿಗಂಜಿ ಹಾಕಿದಳು. ಶೋಕ ಮುಗಿಸಿ ಕೋಲು ಕೀಳುವ ಔತಣದ ದಿನದವರೆಗೆ ಹೀಗೇ ನಡೆಯಬೇಕು. ಅಲ್ಲಿಯವರೆಗೂ, ಆಮೇಲೆಯೂ, ಸತ್ತವನ ಹೆಸರನ್ನು ಯಾರೂ ಎತ್ತಕೂಡದು.

ಒಂದು ಸಂಜೆ ಪಾತ್ರೆ ಎತ್ತುತ್ತಿದ್ದ ಚೇನಿ ತಡೆಯಲಾರದೆ ಕೇಳಿದಳು. "ಅಮ್ಮಾವ್ರೇ, ಹೋಗಿದ್ದು ಇಬ್ರು. ಕೂಗ್ತಿರೋದು ಒಂದು. ಅದು ಧಣಿದೇ ಅಂತ ಹೆಂಗೆ ಹೇಳ್ತೀರಿ?"

"ಮತ್ತೆ ಇನ್ಯಾರದು?"

"ನನ್ನ ಮಗನೂ ಹೋಗಿದ್ದ."

ಓನಾಹೋಕೆಗೆ ನಗು ಬಂತು. ಕೆಟ್ಟ ನಗುವಲ್ಲ, ಮಗು ಚಂದ್ರನನ್ನು ಕೇಳಿದಾಗ ಬರುವಂಥದ್ದು. "ನಿಮ್ಮೋರಿಗೆ ಹೊರನೆರಳು ಎಲ್ಲಿಂದ ಬರ್ತದೇ? ಏನೋ ತಮ್ಮಾ, ಬರ್ತದಾ?"

ಲೈಮನ್ ಕಡುಬು ಕೆಳಗಿಟ್ಟು ಯೋಚಿಸಿದ. "ಆತ್ಮ ಇದೆ. ಅದು ಪುಸ್ತಕದಲ್ಲೇ ಇದೆ. ಆದ್ರೆ ಆತ್ಮ ನೇರ ಮೇಲಕ್ಕೆ ಹೋಗ್ತದೆ, ಮರದ ಮೇಲೆ ಕೂರಲ್ಲ. ಹೊರನೆರಳು ನಮ್ಮ ಕುಲದ ವಿಷಯ. ತಾಯಿ ಕಡೆಯಿಂದ ಬರೋದು. ಇವಳಿಗೆ ಕುಲ ಇಲ್ಲ."

"ಅವನು ನಮ್ಮ ಮಾತೇ ಆಡ್ತಿದ್ದ ಮಾವ," ಎಂದಳು ಫೀಬಿ. "ಸತ್ತ ಮೇಲೆ ಯಾವ ಮಾತಲ್ಲಿ ಕೂಗ್ತಾನೆ?"

"ಮಾತು ಗಿಣಿನೂ ಆಡ್ತದೆ," ಎಂದ ಲೈಮನ್. ವಿಷಯ ಅಲ್ಲಿಗೆ ಮುಗಿಯಿತು. ಗೂಬೆ ಕೂಗಿತು. ಚೇನಿ ಪಾತ್ರೆ ಬೆಳಗಲು ಹೋದಳು. ಮನೆಯವರು ಹೇಳಿದ್ದು ನಿಜವಾಗಲಿ, ಅದು ಧಣಿಯ ನೆರಳೇ ಆಗಿರಲಿ ಎಂದು ಅವಳು ಬೂದಿ ಉಜ್ಜುತ್ತಾ ಬೇಡಿಕೊಂಡಳು.

*

ಜೋಳ ಮೊಣಕಾಲೆತ್ತರ ಬಂದಿತ್ತು. ನಡುಮಧ್ಯಾಹ್ನ ಚೇನಿ ಒರಳಿನಲ್ಲಿ ಜೋಳ ಕುಟ್ಟುತ್ತಿದ್ದಾಗ ಎಲ್ಸಿ ಓಡಿ ಬಂದಳು. ಏಳೋ ಎಂಟೋ ವರ್ಷದ ಹುಡುಗಿ.

"ಚೇನಿ, ಅಪ್ಪ ಬಂದವ್ನೆ."

"ಅಪ್ಪ ಸತ್ತೋಗವ್ನೆ ಕಣವ್ವ."

"ಹೂಂ, ಸತ್ತೋಗವ್ನೆ. ಆದ್ರೂ ಬಂದವ್ನೆ. ಕೋಲು ನೋಡ್ತಾ ನಿಂತವ್ನೆ."

ಚೇನಿ ಒನಕೆ ಕೈಯಲ್ಲಿ ಹಿಡಿದೇ ಹೋದಳು. ಕಾನಿಯಾತಬಿ ಬರಿಗಾಲಲ್ಲಿ, ಗಡ್ಡ ಬಿಟ್ಟುಕೊಂಡು, ಕುದುರೆಯಿಲ್ಲದೆ ಗೋರಿಯ ಮುಂದೆ ನಿಂತಿದ್ದ. ಅವನ ಹಿಂದೆ ದಾರಿ ಖಾಲಿಯಿತ್ತು. ಚೇನಿ ಆ ದಾರಿಯನ್ನೇ ನೋಡಿದಳು.

"ಇದು ಯಾರದು?" ಎಂದ ಅವನು.

"ನಿಮ್ದೇ ಧಣಿ."

"ನನ್ನದಾ?" ಅವನು ಮಣ್ಣನ್ನು ಕಾಲ್ಬೆರಳಿಂದ ಕೆದಕಿದ. "ಒಳಗೆ ಏನಿದೆ?"

"ನಿಮ್ಮ ಕೋಟು."

"ಕೋಟು ಚೆನ್ನಾಗಿತ್ತು," ಎಂದ ಅವನು.

ಓನಾಹೋಕೆ ಮುಸುಕೆಳೆದುಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ಬಂದವನು ಅಳಿಯನೇ ಆಗಿದ್ದರೆ ಮುಖ ನೋಡುವಂತಿಲ್ಲ. ದೆವ್ವವಾಗಿದ್ದರೆ ನೋಡದೆ ತಿಳಿಯುವಂತಿಲ್ಲ. "ನೆರಳು ಅದೆಯಾ ನೋಡೇ!" ಎಂದು ಕೂಗಿದಳು.

"ನಡುಮಧ್ಯಾಹ್ನ ಅಮ್ಮಾವ್ರೇ. ಯಾರಿಗೂ ಇಲ್ಲ."

"ಹಂಗಾದ್ರೆ ಬರೋವರೆಗೂ ಅಲ್ಲೇ ನಿಲ್ಲಿಸು."

ಹೀಗಾಗಿ ಯುದ್ಧದಿಂದ ಬಂದ ಕಾನಿಯಾತಬಿ ತನ್ನ ಗೋರಿಯ ಪಕ್ಕ ಬಿಸಿಲಲ್ಲಿ ನಿಂತ. ಫೀಬಿ ಬಾಗಿಲಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಳು. ಹೆಸರು ಹಿಡಿದು ಕರೆಯುವ ಅಭ್ಯಾಸವಿದ್ದ ಹೆಂಡತಿಯಾಗಿದ್ದರೆ ಕರೆದೇ ಬಿಡುತ್ತಿದ್ದಳು. ಹೊತ್ತು ವಾಲಿತು. ಅವನ ಕಾಲಿನಿಂದ ಸಣ್ಣಗೆ ಕಪ್ಪಗೆ ಒಂದು ನೆರಳು ಹೊರಟು, ಬರಬೇಕಾದ ದಿಕ್ಕಿನಲ್ಲೇ ಉದ್ದವಾಯಿತು. ಎಲ್ಸಿ ಅದರ ತಲೆಯನ್ನು ತುಳಿದು ನೋಡಿ, "ಅದೆ" ಎಂದು ವರದಿ ಮಾಡಿದಳು. ಆಮೇಲೆ ಗಂಜಿ ಕೊಟ್ಟರು.

ಅವನು ಮಡಕೆ ಅರ್ಧ ಖಾಲಿ ಮಾಡುವವರೆಗೆ ಚೇನಿ ಕಾದಳು. ಆಮೇಲೆ ಕೇಳಿದಳು. "ಧಣಿ, ನನ್ನ ಮಗ?"

ಅವನು ತಲೆ ಎತ್ತಲಿಲ್ಲ. "ಓಡಿಹೋದ. ಹೋದ ಸುಗ್ಗೀಲಿ. ರಾತ್ರೋರಾತ್ರಿ ಅರ್ಕನ್ಸಾ ನದಿ ದಾಟಿ ಉತ್ತರದೋರ ಕಡೆ. ನನ್ನ ಹೊಸ ಲಗಾಮೂ ಕದ್ಕೊಂಡು ಹೋದ."

"ಲಗಾಮೂ ತಗೊಂಡು ಹೋದ್ನಾ!" ಎಂದಳು ಚೇನಿ. ಬೇಜಾರಿನ ದನಿ ತರಲು ಬಹಳ ಕಷ್ಟಪಟ್ಟಳು. ಒಲೆಯ ಕಡೆ ತಿರುಗಿದಾಗ ಅವಳ ಮುಖ ಬೇರೆಯೇ ಆಗಿತ್ತು. ಉತ್ತರದಲ್ಲಿ ಕರಿಯರಿಗೂ ಸಿಪಾಯಿಗಳ ನೀಲಿ ಕೋಟು ಕೊಡುತ್ತಾರಂತೆ ಎಂದು ಅವಳೂ ಕೇಳಿದ್ದಳು.

ಅಷ್ಟರಲ್ಲಿ ಮುಸ್ಸಂಜೆಯಾಯಿತು. ಓಕ್ ಮರದಲ್ಲಿ ಗೂಬೆ ಕೂಗಿತು.

ಯಾರ ನೆರಳೆಂದು ಇಷ್ಟು ದಿನ ಅತ್ತಿದ್ದರೋ ಅವನು ಅಲ್ಲೇ ಕೂತು ಕಡುಬು ಮುರಿಯುತ್ತಿದ್ದ. ಗೂಬೆ ಮತ್ತೆ ಕೂಗಿತು. ಕಾನಿಯಾತಬಿಯ ಕೈಯಿಂದ ಕಡುಬು ಬಿತ್ತು.

"ಅದು ಯಾವಾಗಿಂದ ಬರ್ತಿದೆ?" ಎಂದ.

"ಆ ಕಾಳಗದ ವಾರದಿಂದ," ಎಂದಳು ಫೀಬಿ.

ಅವನು ಎದ್ದು ಹೋಗಿ ಒಳಗಿಂದ ಬಾಗಿಲು ಹಾಕಿಕೊಂಡ. ಚೇನಿ ಬಿದ್ದ ಕಡುಬನ್ನು ಎತ್ತಿಕೊಂಡಳು.

*

ಲೈಮನ್ ಬಂದು ಎಲ್ಲವನ್ನೂ ಕಾನೂನಿನ ಪ್ರಕಾರ ವಿಚಾರ ಮಾಡಿದ. ಪಡೆಯಿಂದ ಓಡಿಬಂದವರನ್ನು ಹಿಡಿದು ಒಪ್ಪಿಸುವುದು ಊರ ಕಾವಲು ದಳದ ಕೆಲಸ. ಆ ದಳದ ಕ್ಯಾಪ್ಟನ್ ಅವನೇ. ಓಡಿಬಂದವನು ಸೋದರಸೊಸೆಯ ಗಂಡ. ಗಂಜಿ ಕುಡಿದು, ಮೀಸೆ ಒರೆಸಿಕೊಂಡು ತೀರ್ಪು ಕೊಟ್ಟ.

"ಕೋಲು ನೆಟ್ಟಾಗಿದೆ. ಕೋಲು ಕೀಳೋವರೆಗೂ ಅವನು ಸತ್ತವನೇ. ಸತ್ತವನನ್ನ ಹಿಡಿದುಕೊಡಿ ಅಂತ ಯಾವ ಕಾನೂನಲ್ಲೂ ಇಲ್ಲ. ನೀವು ಅಳೋದು ನಿಲ್ಲಿಸ್ಬೇಡಿ."

"ಬದುಕಿರೋ ಗಂಡನಿಗೆ ಅಳೋದಾ ಮಾವ?"

"ಎಷ್ಟೋ ಜನ ಅಳ್ತಾರೆ," ಎಂದ ಲೈಮನ್.

ಹೀಗೆ ಆ ಮನೆಯ ಹೊಸ ದಿನಚರಿ ಶುರುವಾಯಿತು. ಬೆಳಗ್ಗೆ ಫೀಬಿ ಮುಸುಕು ಹಾಕಿಕೊಂಡು ಕೋಟಿನ ಗೋರಿಯ ಬಳಿ ಕೂತು ಅಳುವಳು. ಎದ್ದು ಬಂದು ಗಂಡನಿಗೆ ಗಂಜಿ ಕೊಡುವಳು. ಕಾನಿಯಾತಬಿ ಹಗಲೆಲ್ಲ ಕೋಣೆಯ ಕತ್ತಲಲ್ಲಿ ಕೂತು ಹೆಂಡತಿಯ ಅಳುವನ್ನು ಕೇಳುವನು. ಅವನು ಮೆಲ್ಲಮೆಲ್ಲಗೆ ಸತ್ತವನ ಹಾಗೇ ಆದ. ಕರೆಯಲು ಅವನಿಗೆ ಹೆಸರಿಲ್ಲ, ತೊಡಲು ಕೋಟಿಲ್ಲ. ಎಲ್ಸಿ ಕೂಡ ಅವನಿದ್ದ ಕೋಣೆಗೆ ಹೋಗುವ ಮುಂಚೆ ಹೊರಗೆ ನಿಂತು ಕೆಮ್ಮುವಳು.

ಮುಸ್ಸಂಜೆಯಾದರೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಗದ್ದಲ ಮಾಡುತ್ತಿದ್ದರು. ಓನಾಹೋಕೆ ಮಡಕೆ ಬಡಿಯುವಳು, ಫೀಬಿ ಮಿಷನ್ ಶಾಲೆಯ ಹಾಡು ಹಾಡುವಳು. ಗೂಬೆ ಅವರು ಉಸಿರೆಳೆದುಕೊಳ್ಳುವವರೆಗೆ ಕಾದು ಕೂಗುತ್ತಿತ್ತು.

"ಆ ಮರ ಕಡಿಸಿ," ಎಂದ ಕಾನಿಯಾತಬಿ ಒಳಗಿಂದ.

ಚೇನಿ ಸಾಗಿಸಿದಳು. "ಮರ ಕಡಿಸ್ಬೇಕಂತೆ ಅಮ್ಮಾವ್ರೇ."

"ಯಾಕಂತೆ? ಗೂಬೆ ಅಂದ್ರೆ ಗೂಬೆ. ಮರ ಏನು ಮಾಡ್ತದೆ?"

"ಯಾಕೆ ಅಂತ ಕೇಳ್ತಾರೆ ಧಣಿ."

ಒಳಗೆ ಅಗುಳಿ ಹಾಕಿಕೊಂಡ ಸದ್ದಾಯಿತು. ಚೇನಿ ಬಾಗಿಲ ಹಲಗೆಗೆ ಕೈ ಇಟ್ಟು ನಿಂತಳು. ಓಡಿಹೋದ ಮಗನ ಸುದ್ದಿ ಹೇಳಿದಾಗ ಇವನು ಯಾಕೆ ತಲೆ ಎತ್ತಲಿಲ್ಲ ಎಂದು ಅವಳಿಗೆ ಆಗ ಅನ್ನಿಸಿತು. ಅನ್ನಿಸಿದ್ದನ್ನು ಆಚೆ ತಳ್ಳಿ ಹಸು ಕಟ್ಟಲು ಹೋದಳು.

ಹಸು ಕಟ್ಟಿ ಬರುವಾಗ ಮರದ ಕೆಳಗೆ ಎಲ್ಸಿ ನಿಂತಿದ್ದಳು. ಗೂಬೆ ಕೂಗಿತು. ಎಲ್ಸಿ ಎರಡು ಅಂಗೈ ಬಟ್ಟಲು ಮಾಡಿ ಬಾಯಿಗಿಟ್ಟುಕೊಂಡು, ಗೂಬೆಯ ಹಾಗೇ, "ಓ" ಎಂದಳು.

ಮೇಲೆ ಕೊಂಬೆ ಅಲುಗಿತು. ಕೂಗು ಒಂದು ಕೊಂಬೆ ಕೆಳಗಿಂದ ಬಂತು. ಎಲ್ಸಿ ಮತ್ತೆ ಓ ಎಂದಳು. ಅದು ಇನ್ನೂ ಕೆಳಗಿಳಿಯಿತು. ಕೊಂಬೆಯ ಮೇಲೆ ಏನೂ ಕಾಣುತ್ತಿರಲಿಲ್ಲ.

ಚೇನಿ ಓಡಿ ಹುಡುಗಿಯ ಬಾಯಿ ಮುಚ್ಚಿದಳು. "ಏನು ಮಾಡ್ತಿದ್ದೀಯೇ!"

"ಪಾಪ ಚೇನಿ. ಇಷ್ಟು ದಿನದಿಂದ ಕರೀತಿದೆ. ಯಾರಾದ್ರೂ ಓ ಅನ್ಬೇಕಲ್ವಾ?"

ಮರುದಿನ ಎಲ್ಸಿಗೆ ಜ್ವರ ಬಂತು.

*

ಜ್ವರ ಏರಿ, ಹುಡುಗಿ ಕಣ್ಣು ಮುಚ್ಚಿಕೊಂಡೇ "ಓ, ಓ" ಎನ್ನತೊಡಗಿದ ಮೇಲೆ ಓನಾಹೋಕೆ ಕೋಣೆಯಿಂದ ಹೊರಗೆ ಬಂದು ಪಡಸಾಲೆಯಲ್ಲಿ ಅಳಿಯನ ಬಾಗಿಲಿಗೆ ಬೆನ್ನು ಮಾಡಿ ಕೂತಳು. ಹಾಡುಹಗಲು. ಅವಳ ಕೋಣೆಯಲ್ಲಿ ಫೀಬಿ ಮಗುವಿನ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದಳು.

"ಚೇನೀ, ಆ ಮನುಷ್ಯನನ್ನ ಕೇಳು. ಅವನ ಹಿಂದೆ ಬಂದಿರೋದು ಯಾರು? ನುಂಗ್ಬೇಡ. ನಾನು ಹೇಳಿದ್ದು ಹೇಳ್ದಂಗೇ ಹೇಳು, ಅವನು ಹೇಳಿದ್ದು ಹೇಳ್ದಂಗೇ ತಾ."

"ನಿಮ್ಮ ಹಿಂದೆ ಬಂದಿರೋದು ಯಾರು ಅಂತ ಕೇಳ್ತಾರೆ ಧಣಿ."

ಬಾಗಿಲಾಚೆ ಹೆಜ್ಜೆಯ ಸದ್ದು ಹತ್ತಿರ ಬಂತು. ಆಮೇಲೆ, "ಚೇನಿ ಬಿಟ್ಟು ಬೇರೆ ಯಾರನ್ನಾದ್ರೂ ಕಳಿಸಕ್ಕೆ ಹೇಳು."

"ನನ್ನ ಬಿಟ್ಟು ಬೇರೆಯೋರನ್ನ ಕಳಿಸ್ಬೇಕಂತೆ ಅಮ್ಮಾವ್ರೇ."

"ಬೇರೆ ಯಾರವ್ರೆ ಈ ಮನೇಲಿ? ಮಗು ಸಾಯ್ತಾ ಅದೆ ಅನ್ನು."

"ಮಗು ಸಾಯ್ತಾ ಅದಂತೆ ಧಣಿ," ಎಂದಳು ಚೇನಿ, ತನ್ನದನ್ನೂ ಸೇರಿಸಿದಳು. "ಹೇಳಿ. ನಾನು ಬರೀ ಬಾಯಿ. ಹೇಳಿ."

ಅವನು ಹೇಳಿದ. ಬಾಗಿಲ ಸಂದಿಯಿಂದ ತುಂಡುತುಂಡಾಗಿ ಬಂತು. ಚೇನಿ ಪ್ರತಿ ತುಂಡಿಗೂ ಕತ್ತು ತಿರುಗಿಸಿ ಸಾಗಿಸಿದಳು.

"ಕಾಳಗ ಮುಗಿದಿತ್ತಂತೆ. ನೀಲಿ ಕೋಟಿನ ಕರಿಯರು ಗಾಯ ಆಗಿ ಹುಲ್ಲಿನ ಮೇಲೆ ಬಿದ್ದಿದ್ರಂತೆ."

"ಹೂಂ."

"ಇವ್ರ ಕಡೆಯೋರು ಒಬ್ಬೊಬ್ಬರನ್ನೇ ಮುಗಿಸ್ತಾ ಬರ್ತಿದ್ರಂತೆ. ಇವ್ರು ಅವ್ರ ಜೊತೆ ನಡೀತಿದ್ರಂತೆ."

"ಹೂಂ."

"ಬಿದ್ದೋರಲ್ಲಿ ಒಬ್ಬ ಇವ್ರನ್ನ ನೋಡಿ, ಹೆಸರು ಹಿಡಿದು ಕೂಗಿದ್ನಂತೆ. ಚೋಕ್ಟಾ ಮಾತಲ್ಲಿ. ನೀರು ಅಂತ." ಚೇನಿಯ ದನಿ ಬದಲಾಗಲಿಲ್ಲ. ಐಸಮ್ ಚಿಕ್ಕಂದಿನಿಂದಲೂ ಧಣಿ ಅನ್ನುತ್ತಿರಲಿಲ್ಲ, ಹೊಲದಾಚೆಯಿಂದ ಕಾನಿಯಾತಬಿಯ ಹೆಸರನ್ನೇ ರಾಗವಾಗಿ ಎಳೆದು ಕೂಗುತ್ತಿದ್ದ, ಯಾರೂ ತಿದ್ದಿರಲಿಲ್ಲ. "ಜೊತೆಯೋರು ನಿಂತು ಕೇಳಿದ್ರಂತೆ, ಇವನಿಗೆ ನೀನು ಗೊತ್ತಾ ಅಂತ. ಇವ್ರು ಇಲ್ಲ ಅಂದ್ರಂತೆ."

ಓನಾಹೋಕೆ ಹೂಂ ಅನ್ನಲಿಲ್ಲ.

"ಮತ್ತೆ ಕೂಗಿದ್ನಂತೆ. ಇವ್ರು ಓ ಅನ್ಲಿಲ್ಲವಂತೆ. ಮುಂದಕ್ಕೆ ನಡೆದ್ರಂತೆ. ಹಿಂದೆ ಇನ್ನೊಂದ್ಸಲ ಕೂಗಿದ್ದು ಕೇಳ್ತಂತೆ. ಆಮೇಲೆ ಕೇಳ್ಲಿಲ್ಲವಂತೆ." ಚೇನಿ ಬಾಗಿಲಿನ ಕಡೆ ಕಿವಿ ಕೊಟ್ಟಳು. "ಅಷ್ಟೇ ಅಂತೆ ಅಮ್ಮಾವ್ರೇ."

ಫೀಬಿ ಒಳಗಿನಿಂದ ಏನೋ ಅಂದು ಅಳತೊಡಗಿದಳು. ಓನಾಹೋಕೆ ನೆಲ ನೋಡುತ್ತಾ ಕೂತಿದ್ದಳು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದು, ಹಗುರಾಗಿ ಉಸಿರು ಬಿಟ್ಟಳು.

"ಹಂಗಾದ್ರೆ ಅದು ನಮ್ಮದಲ್ಲ," ಎಂದಳು. "ನಿಂದು ಕಣೇ ಚೇನಿ. ನೀನೇ ಹೋಗಿ ಸಮಾಧಾನ ಮಾಡಿ ಕಳಿಸು. ಒಂದು ಬಟ್ಟಲು ಗಂಜಿ ಇಡು ಬೇಕಾದ್ರೆ. ಉಪ್ಪು ಹಾಕ್ಬೇಡ, ಇರೋದೇ ಚಿಟಿಕೆ."

ಅಂದು ಮುಸ್ಸಂಜೆ ಚೇನಿ ಬಟ್ಟಲು ಹಿಡಿದು ಮರದ ಕೆಳಗೆ ಹೋದಳು. ಫೀಬಿ ಹಿಂದೆ ಬಂದಳು. "ನಾನೂ ಕೂತು ಅಳ್ತೀನಿ ಚೇನಿ. ಅವನನ್ನ ಎತ್ತಿ ಆಡಿಸಿದೀನಿ ನಾನು. ಒಂದು ಕೋಲಾದ್ರೂ ನೆಡೋಣ."

"ಬ್ಯಾಡಿ ಫೀಬವ್ವ. ಲೈಮನ್ ಮಾವ ಕೇಳ್ತಾರೆ, ಕುಲ ಇಲ್ದೋನಿಗೆ ಕೋಲು ಯಾಕೆ ಅಂತ. ನಿಮ್ಮ ಅಳೂ ಮುಗಿದದೆ. ಎಲ್ಲಾ ಆ ಕೋಟಿಗೇ ಹಾಕಿಬಿಟ್ರಿ."

ಫೀಬಿ ನಿಂತಲ್ಲೇ ನಿಂತಳು. ಚೇನಿ ಬಟ್ಟಲು ಇಟ್ಟು ಬಂದಳು. ಎಲ್ಸಿಯ ಜ್ವರ ಬೆಳಗಿನ ಹೊತ್ತಿಗೆ ಇಳಿದಿತ್ತು. ಅದನ್ನು ಓನಾಹೋಕೆ ಗಂಜಿಯ ಖಾತೆಗೂ ಫೀಬಿ ಬೇರಿನ ಕಷಾಯದ ಖಾತೆಗೂ ಹಾಕಿಕೊಂಡರು.

*

ಆ ವಾರದ ಕೊನೆಗೆ ಲೈಮನ್ ಪಡೆಯ ಸಾರ್ಜೆಂಟನೊಬ್ಬನನ್ನು ತಾನೇ ಊಟಕ್ಕೆ ಕರೆತಂದ. ಬೇರೆ ಜಿಲ್ಲೆಯವನು, ಹಸಿದವನು, ಜೊತೆಗೆ ಇಬ್ಬರು ಸವಾರರು. ಓಡಿಬಂದವರನ್ನು ಹುಡುಕುತ್ತಾ ಹೊರಟವನಿಗೆ ಗೋರಿ ತೋರಿಸಿ, ಕಡುಬು ತಿನ್ನಿಸಿ, ವಿಷಯ ಶಾಶ್ವತವಾಗಿ ಮುಗಿಸುವುದು ಲೈಮನ್ನನ ಉಪಾಯ. ಕಾನಿಯಾತಬಿ ಬಾಗಿಲು ಹಾಕಿಕೊಂಡು ಒಳಗಿದ್ದ. ಪಡಸಾಲೆಯಲ್ಲಿ ಊಟ. ಚೇನಿ ಬಡಿಸಿದಳು.

"ಕೋಲು ನೋಡಿದೆ," ಎಂದ ಸಾರ್ಜೆಂಟ್ ಗಂಜಿ ಹೀರುತ್ತಾ. "ಸರಿ. ಸತ್ತದ್ದು ಯಾರು ಅಂತ ಕರ್ನಲ್ಲಿಗೆ ಹೇಳ್ಲಿ? ಈ ಕಣಿವೆಯಿಂದ ನಾಲ್ಕು ಜನ ಕಾಣೆ. ಅಜ್ಜೀ, ನಿಮ್ಮ ಅಳಿಯನಾ?"

"ನಾನು ಆ ಮನುಷ್ಯನ ಮುಖಾನೇ ನೋಡಿಲ್ಲಪ್ಪ," ಎಂದಳು ಓನಾಹೋಕೆ. ಆ ಮನೆಯಲ್ಲಿ ಅಂದು ಆಡಿದ ಮಾತುಗಳಲ್ಲಿ ಅದೊಂದೇ ಪೂರ್ತಿ ನಿಜ.

"ನಿನ್ನ ಗಂಡನೇನಮ್ಮಾ? ಹೆಸರೇನು?"

"ಎಲ್ಸಿಯ ಅಪ್ಪ," ಎಂದಳು ಫೀಬಿ.

"ಎಲ್ಸಿಯ ಅಪ್ಪ ಅಂತ ಕರ್ನಲ್ಲಿಗೆ ಹೇಳಿದ್ರೆ ನನ್ನನ್ನ ಮರಕ್ಕೆ ಕಟ್ತಾನೆ. ಕ್ಯಾಪ್ಟನ್, ನೀವಾದ್ರೂ ಹೇಳಿ."

"ಸತ್ತವರ ಹೆಸರು ಎತ್ತಬಾರದು. ನಿಮಗೆ ಗೊತ್ತಿಲ್ದೆ ಇರೋದೇನು?" ಎಂದ ಲೈಮನ್ ಗಂಭೀರವಾಗಿ. "ನಾವು ಚೋಕ್ಟಾ ಜನ."

"ನಾನೂ ಚೋಕ್ಟಾನೇ. ಹೆಸರಿಲ್ದೆ ನಾನು ಇಲ್ಲಿಂದ ಏಳಲ್ಲ." ಸಾರ್ಜೆಂಟ್ ಚಮಚ ಕೆಳಗಿಟ್ಟ. "ಈ ಮನೇಲಿ ಹೆಸರು ಹೇಳಕ್ಕೆ ಮರ್ಯಾದೆ ಅಡ್ಡ ಬರ್ದೇ ಇರೋರು ಒಬ್ರಾದ್ರೂ ಇದಾರಾ?"

ಎಲ್ಲರೂ ಒಟ್ಟಿಗೆ ಚೇನಿಯ ಕಡೆ ನೋಡಿದರು. ಲೈಮನ್ನನ ಮುಖ ಅರಳಿತು. "ಹೌದಲ್ಲ! ಇವಳಿಗೆ ಯಾವುದೂ ತಟ್ಟಲ್ಲ. ಹೇಳೇ ಚೇನಿ, ಹೇಳಿ ಮುಗಿಸು."

ಚೇನಿ ಮಡಕೆ ಕೆಳಗಿಟ್ಟಳು. ಲಂಗಕ್ಕೆ ಕೈ ಒರೆಸಿಕೊಂಡಳು. ಸಾರ್ಜೆಂಟನ ಕಡೆ ತಿರುಗಲಿಲ್ಲ. ಮುಚ್ಚಿದ ಬಾಗಿಲಿಗೆ ಎದುರಾಗಿ ನಿಂತಳು. ಹೊಲದಾಚೆ ಇರುವವರನ್ನು ಕರೆಯುವಂತೆ, ಅವಳ ಮಗ ಕರೆಯುತ್ತಿದ್ದ ರಾಗದಲ್ಲೇ ಎಳೆದು, ಕೂಗಿದಳು.

"ಕಾನಿಯಾತಬೀ...!"

ಪಡಸಾಲೆಯಲ್ಲಿ ಗಾಳಿ ಹಾಯುವುದು ಕೇಳುತ್ತಿತ್ತು. ಸವಾರನೊಬ್ಬ ಕಡುಬು ಬಾಯಲ್ಲಿಟ್ಟುಕೊಂಡೇ ಕೂತಿದ್ದ.

"ಕಾನಿಯಾತಬೀ...!"

ಒಳಗೆ ಏನೋ ಉರುಳಿ ಬಿತ್ತು.

"ಓ," ಎಂದಿತು ಒಳಗಿಂದ ಒಂದು ಗಂಡುದನಿ. "ಓ. ಬಂದೆ. ಓ."

ಅವನನ್ನು ಅದೇ ಮಧ್ಯಾಹ್ನ ಕೈ ಕಟ್ಟಿ ಕರೆದುಕೊಂಡು ಹೋದರು. ಪಡೆಯಲ್ಲಿ ಆಳು ಕಡಿಮೆಯಿದ್ದುದರಿಂದ ಗುಂಡಿಕ್ಕದೆ ಮತ್ತೆ ಬಂದೂಕು ಕೊಟ್ಟರು. ಲೈಮನ್ನನ ಕ್ಯಾಪ್ಟನ್ ಪದವಿ ಹೋಯಿತು. ಚೇನಿಯನ್ನು ಆ ವಾರವೇ ಕೆಂಪು ನದಿಯಾಚೆಗೆ, ಟೆಕ್ಸಸ್‌ನ ಒಂದು ಹತ್ತಿ ತೋಟಕ್ಕೆ ಕಳಿಸಿದರು. ಉತ್ತರದವರು ಗೆದ್ದು ಆಳುಗಳಿಗೆಲ್ಲ ಬಿಡುಗಡೆಯಾದ ಸುದ್ದಿ ಅವಳಿಗೆ ಮರುವರ್ಷ ಅಲ್ಲೇ ಸಿಕ್ಕಿತು. ಅವಳು ಕಿಯಾಮಿಚಿಗೆ ವಾಪಸ್ಸು ಬರಲಿಲ್ಲ.